ಅಪ್ಪ ಬಾಗಿಲು ನಿಲ್ಲಿಸುತ್ತಿದ್ದ ಬಗೆ

ನಮ್ಮ ಮನೆಯಲ್ಲಿ ಗಂಡ ಹೆಂಡಿರ ಜಗಳ ನಡೆಯುತ್ತಿದ್ದದ್ದು ಪ್ರಾರ್ಥನೆಯಲ್ಲಿ. ಬೇರೆ ಹೊತ್ತಿನಲ್ಲಿ ಅಪ್ಪ ಅಮ್ಮ ಏರುದನಿಯಲ್ಲಿ ಮಾತಾಡಿಕೊಂಡದ್ದನ್ನು ನಾನು ಕೇಳಿದವಳಲ್ಲ. ಮಕ್ಕಳ ಮುಂದೆ ಕಚ್ಚಾಡಬಾರದು ಎಂದು ಮದುವೆಯಾದ ಹೊಸದರಲ್ಲೇ ಇಬ್ಬರೂ ಒಪ್ಪಿಕೊಂಡಿದ್ದರಂತೆ. ಆದರೆ ಸಂಜೆ ದೀಪ ಹಚ್ಚಿ, ಚಾಪೆ ಹಾಸಿ, ನಾವೆಲ್ಲ ಮಂಡಿಯೂರಿ ಕಣ್ಣು ಮುಚ್ಚಿದೆವೋ ಇಲ್ಲವೋ, ಅಮ್ಮನನ್ನು ಹಿಡಿಯುವವರಿರಲಿಲ್ಲ. ಮೊದಲು ಊರಿಗೆ ಮಳೆ, ರೋಗಿಗಳಿಗೆ ಆರೋಗ್ಯ, ದಿಕ್ಕಿಲ್ಲದವರಿಗೆ ಆಸರೆ ಎಲ್ಲವನ್ನೂ ಸಾವಧಾನವಾಗಿ ಬೇಡಿಕೊಂಡು ಮುಗಿಸುವಳು. ಆಮೇಲೆ ದನಿ ಬದಲಾಗುತ್ತಿತ್ತು.

“ಕರ್ತನೇ, ಈ ಮನೆ ಯಜಮಾನ್ರಿಗೆ ವಸಿ ಬುದ್ಧಿ ಕೊಡಪ್ಪಾ. ಒಲೆ ಮ್ಯಾಲಿನ ಹೆಂಚು ಒಡೆದು ಸಾರೊಳಕ್ಕೇ ನೀರು ಸೋರ್ತೈತೆ. ಊರೋರ ಮನೆಗೆಲ್ಲ ಬಾಗ್ಲು ಮಾಡೋರ ಕಣ್ಣಿಗೆ ಅದು ಕಾಣಾಕಿಲ್ಲ. ಕಣ್ಣು ತೆಗೆಸು ತಂದೆ.”

ಅಮ್ಮನ ಆಮೆನ್ನಿಗೇ ಕಾದಿದ್ದವನಂತೆ ಅಪ್ಪ ಶುರು ಮಾಡುತ್ತಿದ್ದ.

“ತಂದೆಯೇ, ನಾಳೆ ಬೆಳಗ್ಗೆ ಎದ್ದೇಟ್ಗೆ ಹೆಂಚು ಹಾಕ್ತೀನಿ. ಆದ್ರೆ ಈ ಮನೆ ಯಜಮಾಂತಿಗೆ ನೀನು ತಾಳ್ಮೆ ದಯಪಾಲಿಸ್ಬೇಕು. ಮೊನ್ನೆ ಹುರುಳಿಕಾಳು ಸಾರಿಗೆ ಎರಡು ಸಲ ಉಪ್ಪು ಬಿತ್ತು. ನಾನೇನಾರ ಅಂದ್ನಾ? ನೀನೇ ನೋಡ್ತಿದ್ದೆ.”

ತಮ್ಮ ಸುಂದರ ನಗು ತಡೆಯಲಾರದೆ ನನ್ನ ತೊಡೆ ಚಿವುಟುತ್ತಿದ್ದ. ನಾನು ತುಟಿ ಕಚ್ಚಿಕೊಂಡು ಕೂತಿರುತ್ತಿದ್ದೆ. ಪ್ರಾರ್ಥನೆ ಮುಗಿದು ಕಣ್ಣು ಬಿಟ್ಟರೆ ಇಬ್ಬರ ಮುಖದಲ್ಲೂ ಏನೂ ನಡೆದೇ ಇಲ್ಲವೆಂಬ ಭಾವ. ಅಮ್ಮ ಬಿಸಿ ಮುದ್ದೆ ಬಡಿಸುವಳು, ಅಪ್ಪ ತನ್ನ ತಟ್ಟೆಯಿಂದ ಹುಚ್ಚೆಳ್ಳು ಚಟ್ನಿ ತೆಗೆದು ಅವಳ ತಟ್ಟೆಯ ಅಂಚಿಗೆ ಹಾಕುವನು. ನನಗೆ ಮದುವೆಯಾಗಿ ಗಂಡನ ಮನೆಗೆ ಹೋದಾಗ, ಅಲ್ಲಿ ಜನ ಕಣ್ಣು ಬಿಟ್ಟುಕೊಂಡೇ ಜಗಳವಾಡುವುದನ್ನು ನೋಡಿ ಗಾಬರಿಯಾಗಿತ್ತು.

ಮಧುಗಿರಿಯಲ್ಲಿ ಬೆಟ್ಟದ ಕಡೆಗೆ ಹೋಗುವ ಓಣಿಯಲ್ಲಿತ್ತು ನಮ್ಮ ಮನೆ. ಮನೆಯೆಂದರೆ ಮುಂದೆ ತಗಡು ಹೊದಿಸಿದ ಅಪ್ಪನ ಕೆಲಸದ ಜಾಗ, ಅದನ್ನು ದಾಟಿದರೆ ಒಂದು ನಡುಮನೆ, ಹಿಂದೆ ಅಡಿಗೆಮನೆ, ಅಷ್ಟೆ. ಒಳಕ್ಕೆ ಬರುವ ಯಾರೇ ಆಗಲಿ ಮರದ ನಡುವೆ ದಾರಿ ಮಾಡಿಕೊಂಡೇ ಬರಬೇಕು. ಗೋಡೆಗೆ ಒರಗಿಸಿದ ಬೇವಿನ ಹಲಗೆ, ಹೊನ್ನೆಯ ತುಂಡು, ಇನ್ನೂ ತೊಗಟೆ ಬಿಡಿಸದ ಜಾಲಿ. ಅಪ್ಪ ಹತ್ತರಿ ಹಿಡಿದು ಹಲಗೆಯನ್ನು ನುಣುಪು ಮಾಡುವಾಗ ಸುರುಳಿ ಸುರುಳಿಯಾಗಿ ಬೀಳುವ ಮರದ ಸಿಪ್ಪೆಯಲ್ಲೇ ನಮ್ಮ ನೀರೊಲೆ ಉರಿಯುತ್ತಿತ್ತು. ಬೇವು ಉರಿದ ದಿನ ಸೊಳ್ಳೆ ಸುಳಿಯುತ್ತಿರಲಿಲ್ಲ, ಆದರೆ ಮೈ ಒರೆಸಿಕೊಂಡ ಟವೆಲ್ಲೂ ಕಹಿ. ಶಾಲೆಯಲ್ಲಿ ನನ್ನ ಜಡೆಯಿಂದ ಮರದ ಪುಡಿ ಉದುರುತ್ತದೆ ಎಂದು ಹುಡುಗಿಯರು ರೇಗಿಸುತ್ತಿದ್ದರು. ರೇಗಿಸಿದರೆ ರೇಗಿಸಲಿ, ಆ ಹುಡುಗಿಯರು ಕೂತಿದ್ದ ಬೆಂಚು ಮಾಡಿದವನು ನಮ್ಮಪ್ಪ ಎಂದು ನಾನು ಮೂಗು ಮೇಲೆ ಮಾಡಿಕೊಂಡು ಓಡಾಡುತ್ತಿದ್ದೆ.

ಅಪ್ಪನ ಹೆಸರು ಆಶೀರ್ವಾದಪ್ಪ. ನಮ್ಮ ಕಡೆ ಮರಗೆಲಸ ಮಾಡುವವರನ್ನು ಆಚಾರ್ರು ಅನ್ನುತ್ತಾರೆ, ಅದು ಆ ಕುಲದವರ ಹೆಸರು. ಅಪ್ಪ ಆ ಕುಲದವನಲ್ಲ. ನಮ್ಮ ತಾತನ ಕಾಲಕ್ಕೇ ಮನೆಯವರು ಕ್ರೈಸ್ತರಾಗಿದ್ದರು, ಅಪ್ಪ ಮಿಷನ್ನಿನವರು ನಡೆಸುತ್ತಿದ್ದ ಕಸುಬಿನ ಶಾಲೆಯಲ್ಲಿ ಉಳಿ ಹಿಡಿಯುವುದನ್ನು ಕಲಿತವನು. ಊರಿನವರಿಗೆ ಅದೆಲ್ಲ ಯಾಕೆ? ಮರ ಕೆತ್ತುವವನು ಆಚಾರಿಯೇ. ಹಾಗಾಗಿ ಮಧುಗಿರಿಯಿಂದ ಕೊರಟಗೆರೆವರೆಗೆ, ಅತ್ತ ಪಾವಗಡದವರೆಗೆ ಅಪ್ಪ ‘ಆಶೀರ್ವಾದಾಚಾರ್ರು’ ಆಗಿಬಿಟ್ಟಿದ್ದ. ಸಿರಾದ ಸಾಬರೊಬ್ಬರು ಮಾತ್ರ ‘ಉಸ್ತಾದ್’ ಎಂದು ಕರೆಯುತ್ತಿದ್ದರು. ಅಪ್ಪನಿಗೆ ಅದು ಬಹಳ ಇಷ್ಟ. ಅವರ ಮಂಚದ ಕಾಲು ಮುರಿದಿದ್ದರೆ ಊಟ ಬಿಟ್ಟು ಹೋಗುವನು.

ಅಪ್ಪನಿಗಿದ್ದದ್ದು ಎರಡೇ ಲೋಕ, ಒಂದು ಮನೆ, ಇನ್ನೊಂದು ಚರ್ಚು. ಚರ್ಚಿನ ಬೆಂಚು, ಕಿಟಕಿ, ಪಾದ್ರಿ ಅಯ್ಯನವರು ನಿಂತು ಪ್ರಸಂಗ ಮಾಡುವ ಪೀಠ, ರೊಟ್ಟಿ ದ್ರಾಕ್ಷಾರಸ ಇಡುವ ಮೇಜು, ಅದರ ಮುಂದೆ ಜನ ಮಂಡಿಯೂರಲು ಅಡ್ಡಕ್ಕೆ ನಿಲ್ಲಿಸಿದ ಮರದ ಕಟಾಂಜನ, ಎಲ್ಲವೂ ಅವನ ಕೈಯದು. ಶನಿವಾರ ಸಂಜೆ ಉಳಿ, ಗರಗಸಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಒರೆಸಿ ಗೋಣಿಯಲ್ಲಿ ಸುತ್ತಿಟ್ಟರೆ ಸೋಮವಾರ ಬೆಳಗ್ಗೆಯೇ ಬಿಚ್ಚುವುದು. ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಚರ್ಚಿನ ಬಾಗಿಲು ತೆಗೆಯುವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಚ್ಚೆ ಪಂಚೆ, ಹೆಗಲ ಮೇಲೆ ಮಡಿಸಿದ ಟವೆಲ್. ಆ ದಿನ ಅವನ ನಡಿಗೆಯೇ ಬೇರೆ. ಕೈ ನಡುಗಿ ಕೆಲಸ ಬಿಟ್ಟ ಮೇಲೂ, ನಾನು ನರ್ಸ್ ಕೆಲಸದಿಂದ ನಿವೃತ್ತಳಾಗಿ ಇಲ್ಲೇ ಬಂದು ನೆಲೆಸಿ ಅವನನ್ನು ಜೊತೆಗಿಟ್ಟುಕೊಂಡ ಮೇಲೂ, ದಿನಾ ಬೆಳಗ್ಗೆ ಕೋಲು ಹಿಡಿದು ಚರ್ಚಿಗೆ ಹೋಗಿ ಯಾವ ಬೆಂಚು ಕಿರ್ ಅನ್ನುತ್ತದೆ ಎಂದು ಕೂತು ಕೂತು ನೋಡಿ ಬರುವನು. ಹೋದ ವರ್ಷ ತೀರಿಕೊಳ್ಳುವ ಹಿಂದಿನ ವಾರವೂ ಹೋಗಿದ್ದ.

ಇನ್ನು ಬಾಗಿಲಿನ ವಿಷಯ. ನಮ್ಮ ಸೀಮೆಯಲ್ಲಿ ಮನೆ ಕಟ್ಟುವವರಿಗೆ ಬಾಗಿಲು ನಿಲ್ಲಿಸುವುದು ಒಂದು ಮದುವೆ ಇದ್ದ ಹಾಗೆ. ಗೋಡೆ ಏಳುವ ಮೊದಲೇ ತಲೆಬಾಗಿಲಿನ ಚೌಕಟ್ಟು ನಿಲ್ಲಬೇಕು. ಹೊಸ್ತಿಲ ಕೆಳಗೆ ನವಧಾನ್ಯ ಹಾಕುತ್ತಾರೆ, ಮೇಲೆ ಅರಿಶಿನದ ಬಟ್ಟೆ, ಮಾವಿನ ಸೊಪ್ಪು ಕಟ್ಟುತ್ತಾರೆ, ಕಾಯಿ ಒಡೆಯುತ್ತಾರೆ. ಆಮೇಲೆ ನಾಲ್ಕಾರು ಗಂಡಾಳುಗಳು ಸೇರಿ ಎತ್ತಿ ನಿಲ್ಲಿಸಿದ ಮೇಲೆ ಬಾಗಿಲು ಮಾಡಿದವನಿಗೆ ಹಣೆಗಿಟ್ಟು, ಹೊಸ ಟವೆಲ್ ಹೊದಿಸಿ, ಎಲೆ ಅಡಿಕೆ ಬಾಳೆಹಣ್ಣು ಕೊಟ್ಟು ಕಳಿಸಬೇಕು. ಅವನು ಮುಖ ಸಪ್ಪಗೆ ಮಾಡಿಕೊಂಡು ಹೋದರೆ ಆ ಮನೆಗೆ ಏಳಿಗೆಯಿಲ್ಲ ಎಂಬ ನಂಬಿಕೆ. ಅಪ್ಪ ಇನ್ನೂ ಹುಡುಗಪ್ರಾಯದಲ್ಲಿದ್ದಾಗ ಐ.ಡಿ.ಹಳ್ಳಿ ಕಡೆ ಕುರಿ ಸಾಕುವವರ ಹಟ್ಟಿಯೊಂದರಲ್ಲಿ, ಚಿತ್ತಯ್ಯ ಎಂಬವರ ಮನೆಗೆ ಮೊದಲ ಬಾಗಿಲು ಮಾಡಿದ್ದ. ಅವರು ತಮ್ಮ ಪೂಜೆ ಮುಗಿಸಿ ಅಪ್ಪನ ಕಡೆ ತಿರುಗಿದರಂತೆ.

“ಆಚಾರ್ರೇ, ಈಗ ನಿಮ್ಮ ಮಂತ್ರ ಹೇಳ್ರಿ. ಮಾಡ್ದೋರ ಬಾಯಿಂದ ಒಂದು ಒಳ್ಳೆ ಮಾತು ಬೀಳ್ದೆ ನಾವು ಎತ್ತಾಕಿಲ್ಲ.”

ಅಪ್ಪನಿಗೆ ಯಾವ ಮಂತ್ರ ಬರಬೇಕು? ತಲೆಯ ಮೇಲಿನ ಟವೆಲ್ ತೆಗೆದು, ಕಣ್ಣು ಮುಚ್ಚಿ, ತನಗೆ ಬಂದ ಹಾಗೆ ಪ್ರಾರ್ಥನೆ ಮಾಡಿದ. ‘ತಂದೆಯೇ, ಈ ಬಾಗ್ಲಾಗೆ ಒಳಕ್ಕೆ ಬರೋರು ಹಸಿದು ಬಂದ್ರೆ ಉಂಡು ಹೋಗ್ಲಿ, ಅಳ್ತಾ ಬಂದ್ರೆ ನಗ್ತಾ ಹೋಗ್ಲಿ. ಇಲ್ಲಿ ಹುಟ್ಟೋ ಮಕ್ಕಳು ಬದುಕಿ ಬಾಳ್ಲಿ, ಆಮೆನ್.’ ಅವನು ಆಮೆನ್ ಅಂದದ್ದೇ ತಡ, ಎತ್ತುವುದಕ್ಕೆ ಅದೇ ಸನ್ನೆ ಎಂದು ತಿಳಿದು ಹಟ್ಟಿಯ ಗಂಡಸರೆಲ್ಲ ಒಕ್ಕೊರಲಿನಿಂದ ‘ಆಮೆನ್!’ ಎಂದು ಕೂಗಿ ಚೌಕಟ್ಟನ್ನು ಎತ್ತೇಬಿಟ್ಟರಂತೆ. ಅಂಥ ಭಾರದ ಚೌಕಟ್ಟು ಹೂವಿನ ಹಾಗೆ ಎದ್ದು ನಿಂತಿತು ಎಂದು ಚಿತ್ತಯ್ಯ ಊರೂರಿಗೆ ಹೇಳಿಕೊಂಡು ಬಂದರು. ಅಲ್ಲಿಂದಾಚೆಗೆ ಆ ಸುತ್ತಿನಲ್ಲಿ ಅಪ್ಪ ಎಲ್ಲೇ ಬಾಗಿಲು ನಿಲ್ಲಿಸಲಿ, ಹೈಸಾ ಇಲ್ಲ, ಗೋವಿಂದ ಇಲ್ಲ, ಎತ್ತುವವರೆಲ್ಲ ಆಮೆನ್ ಎಂದೇ ಎತ್ತುತ್ತಿದ್ದರು. ಅದು ಯಾವ ದೇವರಿಗೆ ಸೇರಿದ ಮಾತು ಎಂದು ಯಾರೂ ವಿಚಾರಿಸಲಿಲ್ಲ. ಅಪ್ಪನೂ ಬಿಡಿಸಿ ಹೇಳಲು ಹೋಗಲಿಲ್ಲ.

ಹೀಗೆ ಬಾಗಿಲು ನಿಲ್ಲಿಸಿ ಬಂದ ಸಂಜೆ ಅಪ್ಪನ ಹಣೆಯಲ್ಲಿ ಕುಂಕುಮವಿರುತ್ತಿತ್ತು. ಅಮ್ಮ ತಗಡಿನ ಮಾಡಿನಲ್ಲೇ ನಿಲ್ಲಿಸಿ ಸೆರಗಿನ ತುದಿಯಿಂದ ಒರೆಸಿ, ಬಾಳೆಹಣ್ಣನ್ನು ನಮಗೆ ಹಂಚುವಳು. ನಮ್ಮ ಪಾಲಿಗೆ ಅದು ಅಷ್ಟೇ. ಹಣ್ಣು ತಿಂದು ಸಿಪ್ಪೆಯನ್ನು ಪಕ್ಕದ ಮನೆಯ ಮೇಕೆಗೆ ಹಾಕಿ ಮರೆತುಬಿಡುತ್ತಿದ್ದೆವು.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ನಮ್ಮ ಸಭೆಗೆ ಹೊಸ ಅಯ್ಯನವರು ಬಂದರು. ಇನ್ನೂ ಎಳೆಯ ವಯಸ್ಸು, ಮೈಸೂರಿನ ಕಡೆಯವರು, ಒಳ್ಳೆಯವರೇ, ಆದರೆ ಹಳ್ಳಿ ಕಂಡವರಲ್ಲ. ಸಭೆಯ ಹಿರಿಯರಲ್ಲಿ ಜಯಶೀಲಪ್ಪನವರು ಅಂತ ಒಬ್ಬರಿದ್ದರು. ಅವರ ಬಗ್ಗೆ ಕೆಟ್ಟದ್ದು ಹೇಳಬಾರದು, ತೀರಿಕೊಂಡಿದ್ದಾರೆ. ಆದರೂ ಹೇಳುತ್ತೇನೆ, ಬೇರೆಯವರ ಭಕ್ತಿಯನ್ನು ತಕ್ಕಡಿಯಲ್ಲಿಟ್ಟು ತೂಗುವುದೆಂದರೆ ಅವರಿಗೆ ಪಾಯಸ ಕುಡಿದಷ್ಟು ಖುಷಿ. ಒಂದು ದಿನ ಅವರು ಬಸ್ಸಿನಲ್ಲಿ ಹೋಗುವಾಗ, ಐ.ಡಿ.ಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಅಪ್ಪ ಕಣ್ಣಿಗೆ ಬಿದ್ದ. ಹಣೆ ತುಂಬ ಕುಂಕುಮ, ಹೆಗಲಿಗೆ ಹಳದಿ ಅಂಚಿನ ಟವೆಲ್, ಕೈಯಲ್ಲಿ ಒಡೆದ ತೆಂಗಿನಕಾಯಿಯ ಹೋಳು. ಇಷ್ಟು ಸಾಕಾಯಿತು. ಆ ವಾರವೇ ಕಮಿಟಿ ಸೇರಿ ಅಪ್ಪನನ್ನು ಕರೆಸಿದರು. ಅಂದಿನ ಮಾತುಗಳನ್ನು ಅಪ್ಪ ಆ ಸಂಜೆ ಅಮ್ಮನಿಗೆ ಹೇಳುವಾಗ ನಾನು ನಡುಮನೆಯಲ್ಲಿ ಪಾಠ ಓದುವವಳಂತೆ ಕೂತು ಒಂದಕ್ಷರ ಬಿಡದೆ ಕೇಳಿಸಿಕೊಂಡೆ.

“ಅಯ್ಯನೋರು ಒಳ್ಳೆ ಮಾತ್ನಲ್ಲೇ ಹೇಳುದ್ರು ಕಣೆ. ಮೇಜು ಮಾಡಿ, ಮಂಚ ಮಾಡಿ, ಬಾಗ್ಲೂ ಮಾಡಿ, ಆದ್ರೆ ನಿಲ್ಲಿಸಾಕೆ ಬೇರೆ ಯಾರ್ನಾರ ಕಳಿಸಿ ಅಂದ್ರು.”

“ನೀವೇನಂದ್ರಿ?”

“ಮಗೂನ ಹೆತ್ತು ಹೆಸರಿಡಾಕೆ ಬೀದಿಯೋರ್ನ ಕರೀತಾರಾ ಅಯ್ಯನೋರೇ ಅಂದೆ. ಕುಂಕುಮ ಅವ್ರು ನಂಗೆ ಮಾಡೋ ಮರ್ಯಾದೆ. ಆ ಮನೆ ಮುದುಕಿ ಕುಂಕುಮ ಇಡಾಕೆ ಕೈ ಚಾಚಿದಾಗ ನಾನು ಹಣೆ ತಿರುಗ್ಸಿದ್ರೆ ಅವ್ರ ಶುಭಕ್ಕೆ ನಾನೇ ಕಲ್ಲು ಹಾಕ್ದಂಗೆ. ನನ್ನ ಹಣೆ ಒಳಗೆ ಯಾರವ್ರೆ ಅಂತ ನನ್ನ ದೇವ್ರಿಗೆ ಗೊತ್ತು ಅಂದೆ.”

“ಅದಕ್ಕೆ?”

“ಬಾಗ್ಲು ನಿಲ್ಲಿಸೋದು ಬುಡೋಗಂಟ ಕರ್ತನ ಭೋಜನಕ್ಕೆ ಬರ್ಬ್ಯಾಡಿ ಅಂದ್ರು.”

ಅಮ್ಮ ಆಂಧ್ರದ ಗಡಿಯ ವೈ.ಎನ್.ಹೊಸಕೋಟೆಯವಳು. ಸಿಟ್ಟು ತಲೆಗೇರಿದರೆ ಕನ್ನಡ ಬಿಟ್ಟು ತೆಲುಗಿಗೆ ಇಳಿಯುತ್ತಿದ್ದಳು. ಅವತ್ತು ಇಳಿದಳು. ‘ಏಮಯ್ಯಾ ಇದಿ ನ್ಯಾಯಮಾ?’ ಎಂದು ಶುರುವಾದದ್ದು ಜಯಶೀಲಪ್ಪನವರ ಮುತ್ತಜ್ಜನವರೆಗೂ ಹೋಯಿತು. ಅಪ್ಪ ಉಳಿಯನ್ನು ಸಾಣೆಕಲ್ಲಿಗೆ ತಿಕ್ಕುತ್ತ ಕೂತ. ಚೂಪಾಗಿಯೇ ಇದ್ದ ಉಳಿಯನ್ನು ಮತ್ತೆ ಮತ್ತೆ ತಿಕ್ಕುತ್ತಿದ್ದ. ಆಗ ನನಗೆ ಅರ್ಥವಾಯಿತು, ಅಪ್ಪನಿಗೆ ಇದು ಎಲ್ಲಿ ನಾಟಿದೆ ಎಂದು. ತಿಂಗಳ ಮೊದಲ ಭಾನುವಾರ ರೊಟ್ಟಿಯ ಚೂರಿಗಾಗಿ ಮಂಡಿಯೂರಿ ಕೈಯೊಡ್ಡುವ ಆ ಒಂದು ಗಳಿಗೆಗಾಗಿ ಅವನು ತಿಂಗಳೆಲ್ಲ ಬದುಕುತ್ತಿದ್ದ. ಯಾರ ಮೇಲಾದರೂ ಮನಸ್ಸಿನಲ್ಲಿ ಕಹಿ ಇದ್ದರೆ ಹಿಂದಿನ ದಿನವೇ ಹೋಗಿ ರಾಜಿಯಾಗಿ ಬರುವನು. ಆ ಮೇಜನ್ನು ಮಾಡಿದವನಿಗೇ ಆ ಮೇಜಿನ ಹತ್ತಿರ ಬರಬೇಡ ಅಂದಿದ್ದರು.

ಮುಂದಿನ ಭೋಜನದ ಭಾನುವಾರ ಅಯ್ಯನವರು ಎಲ್ಲರೆದುರಿಗೆ, ‘ಆಶೀರ್ವಾದಪ್ಪನವರು ಸದ್ಯಕ್ಕೆ ಕರ್ತನ ಮೇಜಿಗೆ ಬರುವುದಿಲ್ಲ’ ಎಂದು ಹೇಳಿದರು. ಹೇಳುವಾಗ ಅವರ ದನಿ ಗಟ್ಟಿಯಿರಲಿಲ್ಲ. ಅಪ್ಪ ಎಂದಿನಂತೆ ಬೆಳಗ್ಗೆ ಬಾಗಿಲು ತೆಗೆದಿದ್ದ, ಬೆಂಚು ಒರೆಸಿದ್ದ. ಜನ ಸಾಲಾಗಿ ಎದ್ದು ಮುಂದಕ್ಕೆ ಹೋದರು. ಅಪ್ಪ ಕೊನೆಯ ಬೆಂಚಿನಲ್ಲಿ ತಲೆ ಎತ್ತಿಕೊಂಡೇ ಕೂತಿದ್ದ. ಹೆಂಗಸರ ಸಾಲಿನಲ್ಲಿ ಅಮ್ಮನೂ ಏಳಲಿಲ್ಲ. ಪಕ್ಕದವರು ಮೊಣಕೈಯಿಂದ ತಿವಿದರೆ, ಕೀರ್ತನೆ ಪುಸ್ತಕ ತೆಗೆದು ಓದತೊಡಗಿದಳು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ.

ಮನೆಯ ಪ್ರಾರ್ಥನೆಗಳು ಆ ದಿನಗಳಲ್ಲಿ ಉದ್ದವಾದವು. ಅಮ್ಮನ ತಕರಾರು ಈಗ ಹೆಂಚು, ಸೌದೆಯದ್ದಲ್ಲ. ಅದೇ ವರ್ಷ ನಾನು ಸಭೆಯ ಪೂರ್ಣ ಸದಸ್ಯಳಾಗಬೇಕಿತ್ತು. ಬಿಷಪ್ಪರು ಬಂದು ನನ್ನ, ನನ್ನ ಓರಗೆಯ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹೋಗಿದ್ದರು. ಮುಂದಿನ ಭೋಜನದ ಭಾನುವಾರ ನಾನು ಮೊದಲ ಸಲ ರೊಟ್ಟಿ ತೆಗೆದುಕೊಳ್ಳುವವಳು.

“ಕರ್ತನೇ, ಹೆತ್ತ ಅಪ್ಪ ಹಿಂದ್ಗಡೆ ಕೂತಿರ್ವಾಗ ಮಗಳು ಮುಂದಕ್ಕೆ ಹೋಗಿ ಕೈಯೊಡ್ಡೋದು ಯಾವ ನ್ಯಾಯ? ಈ ಮನೆ ಯಜಮಾನ್ರಿಗೆ ಬುದ್ಧಿ ಹೇಳು. ಬಾಗ್ಲು ನಿಲ್ಲಿಸ್ದಿದ್ರೆ ಏನಾಯ್ತದೆ? ಇಲ್ಲಾಂದ್ರೆ ನನ್ನ ಮಗಳು ಹೋಗಾಕಿಲ್ಲ.”

“ತಂದೆಯೇ, ನನ್ನ ಮಗಳು ಹೋಗ್ತಾಳೆ. ನಂಗೂ ಕಮಿಟಿಗೂ ಇರೋ ವ್ಯಾಜ್ಯ ನನ್ನ ಮಗಳಿಗೂ ನಿಂಗೂ ನಡುವೆ ಬರೋದು ಬ್ಯಾಡ. ಬಾಗ್ಲು ನಿಲ್ಲಿಸೋದು ಮಾತ್ರ ನಾನು ಬುಡಾಕಿಲ್ಲ. ಅಲ್ಲಿ ನಿನ್ನ ಹೆಸರು ಹೇಳೋನು ನಾನೊಬ್ನೇ.”

ಅವತ್ತು ನನಗೆ ನಗು ಬರಲಿಲ್ಲ. ಕಣ್ಣು ಮುಚ್ಚಿಕೊಂಡೇ ಅತ್ತೆ. ಅಮ್ಮನೂ ಮೂಗು ಸೀಟಿಕೊಂಡದ್ದು ಕೇಳಿಸಿತು. ಅವತ್ತು ಯಾರೂ ಆಮೆನ್ ಹೇಳಲೇ ಇಲ್ಲ, ಸುಮ್ಮನೆ ಎದ್ದು ಊಟಕ್ಕೆ ಕೂತೆವು.

ಭೋಜನಕ್ಕೆ ಮುಂಚಿನ ಶನಿವಾರಗಳಲ್ಲಿ ಅಯ್ಯನವರು ನಮಗೆ ಪಾಠ ಮಾಡುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿ ಕೂತು, ಕೇಳಿದ್ದಕ್ಕೆ ಉತ್ತರ ಹೇಳುವ ಪಾಠ. ಅಂದು ಅವರು ಸುಳ್ಳು ಸಾಕ್ಷಿಯ ವಿಷಯ ಹೇಳುತ್ತಿದ್ದರು. ನೋಡದ್ದನ್ನು ನೋಡಿದೆ ಎನ್ನುವುದೂ, ನೋಡದೆ ತೀರ್ಪು ಹೇಳುವುದೂ ಒಂದೇ ಎಂದರು. ನನಗೆ ಅಮ್ಮನ ನಾಲಿಗೆ ಬಂದಿದೆ ಎಂದು ಊರೆಲ್ಲ ಹೇಳುತ್ತದೆ. ಎದ್ದು ನಿಂತುಬಿಟ್ಟೆ.

“ಅಯ್ಯನವರೇ, ನಮ್ಮಪ್ಪ ಬಾಗಿಲು ನಿಲ್ಲಿಸೋದನ್ನ ನೀವು ಕಣ್ಣಾರೆ ನೋಡಿದ್ದೀರಾ?”

ಅಯ್ಯನವರ ಕಿವಿ ಕೆಂಪಾಯಿತು. ಗದರಿಸುತ್ತಾರೆ ಎಂದುಕೊಂಡೆ. ಗದರಿಸಲಿಲ್ಲ. ಮೇಜಿನ ಅಂಚನ್ನು ನೋಡುತ್ತ ಹೇಳಿದರು.

“ಇಲ್ಲಮ್ಮ, ನೋಡಿಲ್ಲ. ಮತ್ತೆ ಯಾವಾಗ ನಿಲ್ಲಿಸ್ತಾರೆ?”

“ಬುಧವಾರ. ಹಟ್ಟಿಯ ಚಿತ್ತಯ್ಯನವರ ಮಗನ ಮನೆಗೆ.”

“ಬರ್ತೀನಿ” ಅಂದರು.

ಚೌಕಟ್ಟು ಹಿಂದಿನ ದಿನವೇ ಗಾಡಿಯಲ್ಲಿ ಹೋಗಿತ್ತು, ಬುಧವಾರ ಬೆಳಗ್ಗೆ ಅಪ್ಪ ಮೊದಲ ಬಸ್ಸಿಗೇ ಹೊರಟಿದ್ದ. ನಾನು ಶಾಲೆಗೆ ಚಕ್ಕರ್ ಹೊಡೆದು, ಅಮ್ಮನಿಗೆ ಮಾತ್ರ ಹೇಳಿ, ಅಯ್ಯನವರ ಜೊತೆ ಎರಡನೇ ಬಸ್ಸು ಹತ್ತಿದೆ. ಐ.ಡಿ.ಹಳ್ಳಿಯಲ್ಲಿ ಇಳಿದು ಕಡ್ಲೆಕಾಯಿ ಹೊಲಗಳ ಬದುವಿನ ಮೇಲೆ ನಡೆದೆವು. ಅಯ್ಯನವರ ಬಿಳಿ ಅಂಗಿಗೆ ಉತ್ತರಾಣಿ ಮುಳ್ಳು ಅಂಟಿಕೊಂಡು, ಅವರು ಪಾಪ ಬಿಡಿಸಿಕೊಳ್ಳುತ್ತಲೇ ಬಂದರು. ಹಟ್ಟಿ ಮುಟ್ಟುವ ಹೊತ್ತಿಗೆ ಚಿತ್ತಯ್ಯನವರು ಕಾಯಿ ಒಡೆದಾಗಿತ್ತು. ಬೇವಿನ ಚೌಕಟ್ಟು ಅರಿಶಿನ ಬಳಿದುಕೊಂಡು ನೆಲದ ಮೇಲೆ ಮಲಗಿತ್ತು. ಅಪ್ಪ ಪೂಜೆಯ ಜಾಗದಿಂದ ಸ್ವಲ್ಪ ದೂರ, ಕೈಕಟ್ಟಿ ನಿಂತಿದ್ದ. ನಮ್ಮನ್ನು ನೋಡಿದವನೇ ಒಂದು ಗಳಿಗೆ ಬೆಪ್ಪಾದ. ನನ್ನ ಕಡೆ ಕಣ್ಣು ಬಿಟ್ಟ. ಆಮೇಲೆ ಏನೂ ಆಗದವನಂತೆ ಕರೆದ.

“ಬನ್ನಿ ಅಯ್ಯನೋರೇ, ಒಳ್ಳೆ ಟೈಮಿಗೆ ಬಂದ್ರಿ. ಎತ್ತಾಕೆ ಒಂದಾಳು ಕಮ್ಮಿ ಬಿದ್ದಿತ್ತು. ಈ ಮೂಲೆ ಹಿಡ್ಕಳಿ.”

ನೋಡಲೆಂದು ಬಂದವರು ಇಲ್ಲ ಅನ್ನುವುದು ಹೇಗೆ? ಅಯ್ಯನವರು ತೋಳು ಮಡಿಸಿ ಮೂಲೆಗೆ ಕೈಕೊಟ್ಟರು. ಅವರ ಎಡಕ್ಕೆ ಒಬ್ಬ ಕುರಿ ಕಾಯುವವನು, ಬಲಕ್ಕೆ ಚಿತ್ತಯ್ಯನವರ ಮಗ. ಅಪ್ಪ ತಲೆಯ ಟವೆಲ್ ತೆಗೆದ. ಹಟ್ಟಿಯಲ್ಲಿ ಮಕ್ಕಳ ಗಲಾಟೆ ಕೂಡ ನಿಂತಿತು. ನಾನು ಅದೇ ಮೊದಲ ಸಲ ಅಪ್ಪ ಅಲ್ಲಿ ಪ್ರಾರ್ಥಿಸುವುದನ್ನು ಕೇಳಿದ್ದು. ಹಸಿದವರು ಉಂಡು ಹೋಗಲಿ, ಅಳುವವರು ನಗುತ್ತ ಹೋಗಲಿ, ಎಂದು ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದ. ಕೊನೆಗೆ ಆಮೆನ್ ಅಂದ.

“ಆಮೆನ್!” ಎಂದು ಹಟ್ಟಿಗೆ ಹಟ್ಟಿಯೇ ಕೂಗಿತು.

ಆ ಕೂಗಿನಲ್ಲಿ ನಮ್ಮ ಅಯ್ಯನವರ ದನಿಯೂ ಇತ್ತು. ಪ್ರಾರ್ಥನೆ ಕೇಳಿದವರ ಬಾಯಿಂದ ತಾನಾಗಿ ಬರುವ ಆಮೆನ್ ಅದು, ತಡೆಯಲು ಅವರಿಗೆ ಪುರುಸೊತ್ತೇ ಸಿಗಲಿಲ್ಲ. ಚೌಕಟ್ಟು ಎದ್ದು ನಿಂತಿತು. ಅಪ್ಪ ತೂಗುಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಕೆಳಗೊಂದು ಚಕ್ಕೆ ಸಿಕ್ಕಿಸಿ, ‘ಸರಿ ಐತೆ, ಬುಡ್ರಿ’ ಅಂದ. ಎಲ್ಲರೂ ಕೈ ಬಿಟ್ಟರು. ಅಷ್ಟರಲ್ಲಿ ಚಿತ್ತಯ್ಯನವರ ತಾಯಿ, ಬೆನ್ನು ಬಾಗಿದ ಮುದುಕಿ, ಕುಂಕುಮದ ಬಟ್ಟಲು ಹಿಡಿದು ಬಂದರು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಚೌಕಟ್ಟಿಗೆ ಕೈಕೊಟ್ಟವರ ಮುಖವನ್ನು ಒಬ್ಬೊಬ್ಬರಾಗಿ ತಡವಿ ಹಣೆಗಿಡುತ್ತ ಬಂದರು. ಅಪ್ಪನಿಗಿಟ್ಟರು. ಆಮೇಲೆ ಅಯ್ಯನವರ ಮುಂದೆ ನಿಂತರು.

“ಯಾರಪ್ಪಾ ನೀನು, ಹೊಸ ಮುಖ ಇದ್ದಂಗೈತೆ? ನೀನೂ ಎತ್ತಿದ್ಯಾ? ತಲೆ ಬಗ್ಸು ಮಗಾ, ನಂಗೆಟುಕಾಕಿಲ್ಲ.”

ಅಯ್ಯನವರು ಅಪ್ಪನ ಮುಖ ನೋಡಿದರು. ಅಪ್ಪ ಬೇಕೆಂದೇ ತೂಗುಗುಂಡಿನ ದಾರ ಸುತ್ತುತ್ತಿದ್ದ. ಮುದುಕಿಯ ಕೈ ಗಾಳಿಯಲ್ಲಿ ಕಾಯುತ್ತಿತ್ತು. ಅಯ್ಯನವರು ತಲೆ ಬಗ್ಗಿಸಿದರು. ಒಂದು ರೂಪಾಯಿ ಅಗಲದ ಕುಂಕುಮ ಅವರ ಹಣೆಗೆ ಬಿತ್ತು. ‘ಚೆನ್ನಾಗಿ ಬಾಳಪ್ಪ’ ಎಂದು ಆ ಅಜ್ಜಿ ಅವರ ಕೆನ್ನೆ ಸವರಿದರು. ಅಯ್ಯನವರ ಕಣ್ಣು ತುಂಬಿಕೊಂಡದ್ದನ್ನು ನಾನು ನೋಡಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಮೂವರೂ ಚಪ್ಪರದ ಕೆಳಗೆ ಕೂತು ಮುದ್ದೆ, ಅವರೆಕಾಳು ಸಾರು ಉಂಡೆವು. ಅಯ್ಯನವರಿಗೆ ಮುದ್ದೆ ನುಂಗಲು ಬಾರದೆ ಅಗಿಯುವುದನ್ನು ನೋಡಿ ಹಟ್ಟಿಯ ಮಕ್ಕಳು ಬಿದ್ದು ಬಿದ್ದು ನಕ್ಕವು.

ವಾಪಸು ಬಸ್ಸಿನಲ್ಲಿ ಬೆಟ್ಟ ಕಾಣಿಸತೊಡಗಿದ ಮೇಲೆ ಅಯ್ಯನವರು ಕೇಳಿದರು.

“ಆಶೀರ್ವಾದಪ್ಪನವರೇ, ಇಷ್ಟು ವರ್ಷದಿಂದ ಅವರೆಲ್ಲ ಆಮೆನ್ ಹೇಳ್ತಿದ್ದಾರೆ ಅನ್ನೋದನ್ನ ಕಮಿಟಿಯ ಮುಂದೆ ಯಾಕೆ ಹೇಳಲಿಲ್ಲ?”

“ನೀವು ಕುಂಕುಮದ ಮಾತು ಕೇಳಿದ್ರಿ ಅಯ್ಯನೋರೇ. ಆಮೆನ್ನಿನ ಮಾತು ಯಾರೂ ಕೇಳ್ನಿಲ್ಲ.”

ಅಪ್ಪ ತನ್ನ ಟವೆಲ್ ಚಾಚಿದ.

“ಹಣೆ ಒರೆಸ್ಕಳಿ. ಬಸ್ ಸ್ಟ್ಯಾಂಡಲ್ಲಿ ಜಯಶೀಲಪ್ಪನೋರು ಇದ್ರೂ ಇದ್ದಾರು.”

ಅಯ್ಯನವರು ಮೊದಲು 'ಹ್ಞಾಂ' ಅಂದರು, ಆಮೇಲೆ ನಗತೊಡಗಿದರು. ಕಂಡಕ್ಟರ್ ತಿರುಗಿ ನೋಡುವಷ್ಟು ನಕ್ಕರು.

ಭೋಜನದ ಭಾನುವಾರ ಬಂತು. ಅಮ್ಮ ನನಗೆ ಬಿಳಿ ಸೀರೆ ಉಡಿಸಿದಳು, ತಲೆಗೆ ಮಲ್ಲಿಗೆ ಮುಡಿಸಿದಳು, ಆದರೆ ಮುಖ ಗಂಟಿಕ್ಕಿಕೊಂಡೇ ಇದ್ದಳು. ಹಟ್ಟಿಯಲ್ಲಿ ನಡೆದದ್ದನ್ನೆಲ್ಲ ಹೇಳಿದ್ದೆ. ಅಯ್ಯನವರು ನಕ್ಕರು ಸರಿ, ಕಮಿಟಿ ನಗಬೇಕಲ್ಲ ಅಂದಳು. ಅಪ್ಪ ಎಂದಿನಂತೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತ. ಕೀರ್ತನೆಯಾಯಿತು, ಪ್ರಸಂಗವಾಯಿತು. ಅಯ್ಯನವರು ಹೊಸಬರಾದ ನಮ್ಮನ್ನು ಮೊದಲು ಕರೆದರು. ಕಟಾಂಜನದ ಒಂದು ಮಗ್ಗುಲಲ್ಲಿ ನಾನು ನಮ್ಮ ಸಾಲಿನ ಕೊನೆಯವಳಾಗಿ ಮಂಡಿಯೂರಿದೆ. ನಮ್ಮ ಪಕ್ಕಕ್ಕೆ ಹಿರಿಯರೆಲ್ಲ ಬಂದು ಸಾಲಾಗಿ ಕೂತರು, ನನಗೆ ಅಂಟಿಕೊಂಡೇ ಜಯಶೀಲಪ್ಪನವರು. ನಾನು ಕೈಯೊಡ್ಡಿ ಕಾದೆ, ರೊಟ್ಟಿ ಬರಲಿಲ್ಲ. ತಲೆಯೆತ್ತಿ ನೋಡಿದರೆ ಅಯ್ಯನವರು ತಟ್ಟೆ ಮತ್ತು ಬಟ್ಟಲು ಹಿಡಿದು ಮೆಟ್ಟಿಲಿಳಿದು, ನಡುದಾರಿಯಲ್ಲಿ ಹಿಂದಕ್ಕೆ ನಡೆದು ಹೋಗುತ್ತಿದ್ದರು. ಇಡೀ ಸಭೆಯ ಕತ್ತು ಅವರ ಜೊತೆ ತಿರುಗಿತು. ಅವರು ಕೊನೆಯ ಬೆಂಚಿನ ಹತ್ತಿರ ನಿಂತರು.

“ತಗೊಳ್ಳಿ, ಆಶೀರ್ವಾದಪ್ಪನವರೇ.”

ಅಪ್ಪ ಕೈ ಚಾಚಲಿಲ್ಲ. ಎದ್ದು ನಿಂತ. ಅವನ ದನಿ ನನಗೆ ಮುಂದಿನವರೆಗೂ ಸ್ಪಷ್ಟವಾಗಿ ಕೇಳಿಸಿತು.

“ಕೂತಿರೋ ಜಾಗಕ್ಕೆ ತಂದುಕೊಡೋದು ಹಾಸಿಗೆ ಹಿಡಿದೋರಿಗೆ ಅಯ್ಯನೋರೇ. ನನ್ನ ಕಾಲು ಗಟ್ಟಿಯಾಗವೆ. ಬರ್ಬ್ಯಾಡಿ ಅಂತ ಅಲ್ಲಿಂದ ಹೇಳಿದ್ರಿ. ಬನ್ನಿ ಅಂತಾನೂ ಅಲ್ಲಿಂದ್ಲೇ ಹೇಳಿ, ಬತ್ತೀನಿ.”

ಅಯ್ಯನವರು ತಲೆಯಾಡಿಸಿ, ಬಂದ ದಾರಿಯಲ್ಲೇ ಹಿಂದಿರುಗಿದರು. ಮೆಟ್ಟಿಲು ಹತ್ತಿ, ಮೇಜಿನ ಪಕ್ಕ ನಿಂತು, ಸಭೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು.

“ಆಶೀರ್ವಾದಪ್ಪನವರೇ, ಕರ್ತನ ಮೇಜಿಗೆ ಬನ್ನಿ. ತಡೆದದ್ದು ನಮ್ಮ ತಪ್ಪು.”

ಅಪ್ಪ ಹೆಗಲ ಟವೆಲ್ ತೆಗೆದು ಬೆಂಚಿನ ಮೇಲಿಟ್ಟು ನಡೆದು ಬಂದ. ಅವಸರವಿಲ್ಲ, ಹಿಂಜರಿಕೆಯಿಲ್ಲ. ಅಂಥ ನಡಿಗೆಯನ್ನು ನಾನು ಆಮೇಲೆ ಯಾವ ದೊಡ್ಡ ಮನುಷ್ಯನಲ್ಲೂ ನೋಡಲಿಲ್ಲ. ಹೆಂಗಸರ ಸಾಲಿನಿಂದ ಅಮ್ಮ ಸೆರಗು ಹೊದ್ದು ಎದ್ದು ಅವನ ಹಿಂದೆಯೇ ಬಂದಳು. ಆದರೆ ಕಟಾಂಜನದ ಮುಂದೆ ಜಾಗವಿರಲಿಲ್ಲ. ನನ್ನ ಪಕ್ಕದಿಂದ ಆ ಕೊನೆಯವರೆಗೆ ಹಿರಿಯರು ಭದ್ರವಾಗಿ ಮಂಡಿಯೂರಿ, ಕಣ್ಣು ಮುಚ್ಚಿ, ಯಾರೂ ಬಂದದ್ದು ಗೊತ್ತೇ ಇಲ್ಲದವರಂತಿದ್ದರು. ಅಪ್ಪ ನನ್ನ ಹಿಂದೆ ಬಂದು ನಿಂತ. ನಿಂತೇ ಇದ್ದ. ಅಮ್ಮ ಬಗ್ಗಿ ಜಯಶೀಲಪ್ಪನವರ ಭುಜ ತಟ್ಟಿದಳು. ಮನೆಯಲ್ಲಿ ಕಣ್ಣು ಮುಚ್ಚಿ ಏನೇ ಅಂದರೂ ಚರ್ಚಿನಲ್ಲಿ ಗಂಡಸರೆದುರು ಎಂದೂ ಬಾಯಿ ತೆರೆಯದ ನಮ್ಮಮ್ಮ, ಕಣ್ಣು ಬಿಟ್ಟುಕೊಂಡು, ಇಡೀ ಚರ್ಚಿಗೆ ಕೇಳಿಸುವ ಹಾಗೆ ಹೇಳಿದಳು.

“ವಸಿ ಜರುಕ್ಕಳಿ ಜಯಶೀಲಪ್ಪನೋರೇ. ನಮ್ಮ ಯಜಮಾನ್ರು ಬಂದವ್ರೆ.”

ಜಯಶೀಲಪ್ಪನವರು ಜರುಗಿದರು.